ವ್ಯಾಪ್ತಿ ಪ್ರದೇಶದ ಹೊರಗೆ

ಪೀಣ್ಯ ಎರಡನೇ ಹಂತ, ಏಳನೇ ಅಡ್ಡರಸ್ತೆ,
ಪೌಡರ್ ಕೋಟಿಂಗಿನವರ ಗೋಡೆಗೆ ಆತುಕೊಂಡ ನಮ್ಮ ಶೆಡ್ಡು.
ಬೆಳಿಗ್ಗೆ ಎಂಟಕ್ಕೆ ನಾನು ಬೀಗ ತೆಗೆಯುವಾಗ
ದಸ್ತಗೀರ್ ಸಾಬರು ಆಗಲೇ ಬಂದು
ಮೆಟ್ಟಿಲ ಮೇಲೆ ಕೂತು ಬನ್ನು ಅದ್ದುತ್ತಿರುತ್ತಾರೆ ಟೀಯಲ್ಲಿ.

ಇದು ಇಂಗಾಲದ ಎಳೆ.
ಒಂದು ಲಡಿಯಲ್ಲಿ ಹನ್ನೆರಡು ಸಾವಿರ,
ಒಂದೊಂದೂ ನನ್ನ ತಲೆಗೂದಲ ಹತ್ತನೇ ಒಂದು ಪಾಲು.
ಎಳೆದರೆ ಉಕ್ಕು, ಮಡಿಸಿದರೆ ಪುಡಿ,
ಬೆರಳಿಗೆ ಚುಚ್ಚಿದರೆ ರಾತ್ರಿಯೆಲ್ಲ ನವೆ.
ಬರುವಾಗಲೇ ಮೈಗೆ ಗಂಜಿ ಹಾಕಿಸಿಕೊಂಡು ಬರುತ್ತದೆ
ಹೊಸ ಕಾಟನ್ ಸೀರೆಯ ಹಾಗೆ.
ಮೊದಲು ಕುಲುಮೆಯಲ್ಲಿ ಆ ಗಂಜಿ ಸುಡಬೇಕು.
ಆಮೇಲೆ ಆಸಿಡ್ಡು. ಆಮೇಲೆ ತವರದ ನೀರು.
ಆಮೇಲೆ ಪಲ್ಲಾಡಿಯಂ,
ಮಾಲೀಕ ವಾಸುಪಾಲ ಜೈನರು ತಾವೇ ನಿಂತು
ಚಿನ್ನದಂಗಡಿಯವರಂತೆ ಅಳೆದು ಬಿಡುವ ನಾಲ್ಕು ತೊಟ್ಟು.
ಕೊನೆಗೆ ನಿಕ್ಕಲ್ಲಿನ ತೊಟ್ಟಿ: ದೊಡ್ಡಪತ್ರೆ ರಸದ ಹಸಿರು,
ಕೈ ಇಡಲಾಗದ ಬಿಸಿ,
ಸಣ್ಣ ಗುಳ್ಳೆ ಎದ್ದರೆ ಹಿಡಿಯಿತು ಅಂತ ಲೆಕ್ಕ.

ಕರೀ ಎಳೆ ಬೆಳ್ಳಿಯಾಗಿ ಮೇಲೆ ಬಂದಾಗ
ನಾನು ಫೋಟೋ ತೆಗೆದೆ. ಕನ್ನಡಿ ಹೊಳಪು.
ಆ ಹೊಳಪೇ ತಪ್ಪು.

ಜಕ್ಕೂರಿನ ಹುಡುಗರು ಕೇಳಿದ್ದು ಒಂದು ಡಬ್ಬಿ,
ಡ್ರೋನಿನ ಹೊಟ್ಟೆಯೊಳಗೆ ಸರ್ಕ್ಯೂಟು ಕೂರುವುದಕ್ಕೆ.
ಅಲ್ಯೂಮಿನಿಯಂ ಆದರೆ ಭಾರ.
ಒಳಗಿನ ಪಿಸುಮಾತು ಹೊರಗೆ ಹೋಗಬಾರದು,
ಹೊರಗಿನ ಗದ್ದಲ ಒಳಗೆ ಬರಬಾರದು.
ಒಂಬತ್ತು ಪದರ ರಾಳದಲ್ಲಿ ಕೂರಿಸಿ, ಬೇಯಿಸಿ, ಎಳೆದು ನೋಡಿದರೆ
ಹಪ್ಪಳದ ಹಾಗೆ ಬಿಟ್ಟುಕೊಂಡಿತು.
ಮುರಿದ ಕಡೆ ಒಂದು ಚೂರು ರಾಳ ಇಲ್ಲ.
ನಿಕ್ಕಲ್ಲು ಹೊಳೆಯುತ್ತಲೇ ಇತ್ತು, ಏನೂ ಆಗದವರಂತೆ.
ಮೂರು ಸಲ.
'ಅಂಟಿಲ್ಲ' ಅಂತ ವರದಿ ಬರೆದೆ.
ಜೈನರು ಓದಿ, ಕನ್ನಡಕ ಒರೆಸಿ, ಇನ್ನೊಮ್ಮೆ ಓದಿದರು.

ದಸ್ತಗೀರ್ ಸಾಬರು ಆ ಚೂರನ್ನು ಬಿಸಿಲಿಗೆ ಹಿಡಿದು
ತುಂಬ ಹೊತ್ತು ಮಾತಾಡಲಿಲ್ಲ.
ಅವರಪ್ಪ ಕಲಾಸಿಪಾಳ್ಯದಲ್ಲಿ ಕಲಾಯಿ ಹಾಕುತ್ತಿದ್ದವರು.
ತಿದಿ ಒತ್ತುವುದು ಆಗಿನ ಈ ಹುಡುಗನ ಕೆಲಸ,
ಹಂಡೆಯೊಳಗೆ ಬರಿಗಾಲಲ್ಲಿ ಮರಳು ತುಳಿಯುತ್ತ
ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಗುವುದೂ.
"ಮೇಡಂ, ನುಣ್ಣಗಿರೋದರ ಮೇಲೆ ಯಾವುದೂ ನಿಲ್ಲಲ್ಲ.
ಅಬ್ಬಾ ಮೊದಲು ಪಾತ್ರೆ ಮುಖ ಕೆಡಿಸೋರು,
ನವಸಾಗರ ತೋರಿಸೋರು, ಆಮೇಲೇ ತವರ.
ನೀವು ಇದಕ್ಕೆ ಮದುವೆ ಮೇಕಪ್ಪು ಮಾಡಿ ಕಳಿಸ್ತಿದ್ದೀರ."

ನನಗೆ ಸಿಟ್ಟು ಬಂತು. ಎಂ.ಎಸ್ಸಿ. ಓದಿದವಳು ನಾನು.
ಊಟ ಬಿಟ್ಟು ಪುಸ್ತಕ ತೆಗೆದರೆ
ಅಲ್ಲೂ ಅದೇ ಇತ್ತು, ಉದ್ದುದ್ದ ಮಾತುಗಳಲ್ಲಿ.

ತೆಳು ಆಸಿಡ್ಡಿನಲ್ಲಿ ಇಪ್ಪತ್ತು ಎಣಿಸುವಷ್ಟು ಹೊತ್ತು.
ಸಾಬರು ಉರ್ದುವಿನಲ್ಲಿ ಎಣಿಸಿದರು, ನಾನು ಗಡಿಯಾರ ನೋಡಿದೆ,
ಇಬ್ಬರದೂ ಒಟ್ಟಿಗೆ ಮುಗಿಯಲಿಲ್ಲ.
ಹೊಳಪು ಹೋಗಿ ಹಳೇ ನಾಲ್ಕಾಣೆಯ ಬಣ್ಣ ಬಂತು.
ಅದರ ಮೇಲೆ ಸಿಲೇನ್:
ಒಂದು ಕೈ ಲೋಹಕ್ಕೆ, ಇನ್ನೊಂದು ರಾಳಕ್ಕೆ ಕೊಡುವ ದಲ್ಲಾಳಿ.
ಕಮಿಷನ್ ಕೇಳುವುದಿಲ್ಲ,
ಕೊಟ್ಟ ಕೈ ಬಿಡಿಸಿಕೊಂಡು ಹೋಗುವುದೂ ಇಲ್ಲ.

ಶನಿವಾರ ಕರೆಂಟು ಹೋಗಿ ಬಂದು
ಸಂಜೆ ಐದಕ್ಕೆ ಎಳೆದೆವು. ಈ ಸಲ ರಾಳವೇ ಹರಿಯಿತು,
ಹರಿದ ಕಡೆ ಎಳೆಗಳು ಅದನ್ನು ಕಚ್ಚಿಕೊಂಡೇ ಇದ್ದವು,
ಹಲಸಿನ ಮೇಣ ಮೆತ್ತಿದ ಬೆರಳುಗಳಂತೆ.

ಇನ್ನು ಡಬ್ಬಿ. ಎಳನೀರಿಗಿಂತ ಎಷ್ಟೋ ಹಗುರ.
ಒಳಗೆ ಸಾಬರ ಗುಂಡಿ ಫೋನಿಟ್ಟು
ಹದಿನಾರು ತಿರುಪು ಬಿಗಿದು ನಾನು ಕರೆ ಮಾಡಿದೆ.
'ನೀವು ಕರೆ ಮಾಡುತ್ತಿರುವ ಚಂದಾದಾರರು
ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ.'
ಊರೆಲ್ಲ ಶಪಿಸುವ ಆ ಹೆಂಗಸಿನ ದನಿಗೆ
ಪೀಣ್ಯದ ಒಂದು ಶೆಡ್ಡಿನಲ್ಲಿ ಚಪ್ಪಾಳೆ ಬಿತ್ತು.
ಜೈನರು ಜಹಾಂಗೀರು ತರಿಸಿದರು, ಕಾಲು ಕೆಜಿ.

ಏಳಕ್ಕೆ ಮುಚ್ಚಳ ತೆಗೆದಾಗ ಫೋನು ಗುಂಯ್ಗುಟ್ಟಿತು,
ಒಂದರ ಹಿಂದೊಂದು, ಆರು ಸಲ.
"ಮನೆಯಿಂದ," ಅಂದರು ಸಾಬರು. "ಕೊತ್ತಂಬರಿ ತರಬೇಕಂತೆ."
ಮುಚ್ಚಳವನ್ನು ಮತ್ತೆ ಮೇಲಿಟ್ಟರು, ತಿರುಪಿಗೆ ಕೈ ಹಾಕಿದರು:
"ಇನ್ನೊಂದೈದು ನಿಮಿಷ ಪರೀಕ್ಷೆ ಮಾಡೋಣ, ಮೇಡಂ."